ಸೀರೆಯ ಲೆಕ್ಕ

ದೊಡ್ಡಬಳ್ಳಾಪುರದ ನೇಕಾರ ರಾಮಲಿಂಗಪ್ಪನ ಬಾಯಲ್ಲಿ ದಿನ, ತಿಂಗಳು, ವರ್ಷ ಎಂಬ ಲೆಕ್ಕವೇ ಬರುತ್ತಿರಲಿಲ್ಲ. ಅಕ್ಕಪಕ್ಕದವರೆಲ್ಲ ಕರೆಂಟ್ ಮಗ್ಗ ಹಾಕಿಸಿದರೂ ಅವನ ಗುಂಡಿಮಗ್ಗದಲ್ಲಿ ಮೂರು ದಿನಕ್ಕೊಂದು ಸೀರೆ ಇಳಿಯುತ್ತಿತ್ತು. ಅವನ ಪಂಚಾಂಗ ಅಷ್ಟೇ. ಬೆಂಗಳೂರಿನ ಬಸ್ಸು ಗಂಟೆ ಹೊತ್ತು ತಡವಾದರೆ "ಗೇಣುದ್ದ ತಡ" ಎನ್ನುವನು. "ಮಗಳ ಮದುವೆ ಯಾವಾಗಣ್ಣಾ?" ಎಂದರೆ "ಇನ್ನಾ ಇಪ್ಪತ್ತು ಸೀರೆ ಐತೆ ಕಣೋ" ಎನ್ನುವನು. ಕೇಳಿದವನು ಮೈ ಉರಿಸಿಕೊಂಡು, ಬೆರಳು ಮಡಿಚಿ, ಎರಡು ತಿಂಗಳು ಎಂದು ತಿಳಿದುಕೊಳ್ಳಬೇಕು. "ನೆಟ್ಟಗೆ ದಿನ ಹೇಳಿದ್ರೆ ನಿನ್ ಗಂಟೇನ್ ಹೋಯ್ತದೆ?" ಎಂದು ರೇಗಿದರೆ, "ದಿನ ಸುಮ್ನೆ ಕೂತ್ರೂ ಕಳೀತದೆ ಕಣ್ಲಾ, ಸೀರೆ ಕಳಿಯಲ್ಲ" ಎಂದು ಬೀಡಿ ಹಚ್ಚುವನು. ಹೆಂಡತಿ ಚೌಡಮ್ಮನಿಗೂ ಈ ಲೆಕ್ಕ ಬಾಯಿಪಾಠ. ಬಸುರಿಯಾಗಿದ್ದಾಗ "ತೊಂಬತ್ತು ಸೀರೆಗೆ ಬಾರವ್ವ" ಎಂದು ಸೂಲಗಿತ್ತಿಯನ್ನೇ ನಗಿಸಿದ್ದವಳು. ಈಚೆಗೆ ಅವಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಬೆಂಗಳೂರಿನ ಡಾಕ್ಟರು ರಾಮಲಿಂಗಪ್ಪನೊಬ್ಬನನ್ನೇ ಹೊರಗೆ ಕರೆದು, ಹೆಚ್ಚೆಂದರೆ ಒಂದು ತಿಂಗಳು ಎಂದರು. ಹತ್ತು ಸೀರೆ. ಅವನು ಅದನ್ನು ಹೆಂಡತಿಗೆ ಹೇಳದೆ ಊರಿಗೆ ಬಂದು ಒಂಬತ್ತು ಸೀರೆ ನೇಯ್ದ. ಹತ್ತನೆಯದು ಅರ್ಧಕ್ಕೆ ಬಂದಾಗ ಲಾಳಿ ಇಟ್ಟು ಗುಂಡಿಯಿಂದ ಮೇಲೆದ್ದ. "ಯಾಕ್ ನಿಲ್ಲಿಸ್ಬುಟ್ರಿ?" ಎಂದು ಚೌಡಮ್ಮ ಚಾಪೆಯ ಮೇಲಿಂದಲೇ ಕೇಳಿದಳು. "ನೂಲು ಬಂದಿಲ್ಲ" ಎಂದ. ಅವಳ ತಲೆಯ ಮೇಲಿನ ತೊಲೆಯಲ್ಲೇ ನೂಲಿನ ಕಟ್ಟು ತೂಗುತ್ತಿತ್ತು. ಅದನ್ನೊಮ್ಮೆ, ಮಗ್ಗದ ಮೇಲಿನ ಅರ್ಧ ಸೀರೆಯನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದಳು. "ಬಂದಾಗ ಬರ್ಲಿ ಬಿಡಿ," ಎಂದಳು, "ಈಗ ಅರ್ಜೆಂಟೇನೈತೆ."