ಕಂದು ಹಲ್ಲಿಗೆ ಎರಡು ಪಟ್ಟು

ಫರಹೀನಳಿಗೆ ಒಂದು ಕಡೆ ಕೂತು ಗೊತ್ತೇ ಇಲ್ಲ. ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಐದು ನಿಮಿಷ ತಡವಾದರೆ ಮೂರು ಸಲ ಎದ್ದು ರಸ್ತೆ ನೋಡಿ ಬರುತ್ತಾಳೆ. ಸಿಕ್ಕ ಕೆಲಸವೂ ಅಂಥದ್ದೇ. ಅಫಜಲಪುರ, ಜೇವರ್ಗಿ ಎಂದು ಸುತ್ತಬೇಕು. ಹಲ್ಲಿನ ದವಾಖಾನೆಗಳ ಎಕ್ಸ್‌ರೇ ಮಷೀನಿನ ಮೂತಿಗೆ ಮೀಟರು ಹಿಡಿದು, ಒಂದು ಸಲ ಗುಂಡಿ ಒತ್ತಿದರೆ ರೋಗಿಗೆ ಎಷ್ಟು ವಿಕಿರಣ ತಗಲುತ್ತದೆಂದು ಅಳೆದು ವರದಿ ಬರೆಯಬೇಕು.

ಮೊನ್ನೆ ಅಫಜಲಪುರದಲ್ಲಿ ಹೋದದ್ದು, ಎಂಟು ವರ್ಷದ ಹಿಂದೆ ತಾನೇ ಕೆಲಸ ಕಲಿತ ದವಾಖಾನೆಗೆ. ಎಕ್ಸ್‌ರೇ ತೆಗೆಯುವ ಚಂದ್ರಾಮ ಕಾಕಾ ಈಗಲೂ ಅಲ್ಲೇ ಇದ್ದಾರೆ. ಮೊದಲ ಅಳತೆ ಒಂದೂವರೆ ಮಿಲಿಗ್ರೇ ಬಂತು. ತಕರಾರಿಲ್ಲ.

"ದಿನಾ ಹಿಂಗ ಒತ್ತತೀರಲ್ರಿ ಕಾಕಾ?"

"ಬಿಳಿ ಹಲ್ಲಿನೋರಿಗಿ ಹಿಂಗ. ಎಲಿಅಡಿಕಿ ತಿನ್ನೋರಿಗಿ ಬ್ಯಾರೆ ಅದ, ನೋಡು."

ಅವರು ಟೈಮರು ತಿರುಗಿಸಿ ಒತ್ತಿದರು. ಮೂರು! ಫರಹೀನ ಮೀಟರಿನಿಂದ ಕಣ್ಣೆತ್ತಿದಳು. ಗೋಡೆಯ ಮೇಲೆ ಹಳದಿಯಾದ ಚೀಟಿಯೊಂದು ಅಂಟಿತ್ತು: 'ಕಂದು ಹಲ್ಲು, ಎರಡು ಪಟ್ಟು ಟೈಮು.' ಅಕ್ಷರ ಅವಳದೇ.

ತಂಬಾಕಿನ ಕಲೆ ದಾಟಿ ಹೋಗಲು ಕಿರಣಕ್ಕೆ ಹೆಚ್ಚು ಹೊತ್ತು ಬೇಕೆಂದು ಆಗ ತನ್ನಷ್ಟಕ್ಕೆ ತಾನೇ ತೀರ್ಮಾನಿಸಿ, ಜಾಣೆಯಂತೆ ಅಂಟಿಸಿದ್ದಳು ಮಹಾರಾಯ್ತಿ. ಕಿರಣಕ್ಕೆ ಆ ಕಲೆ ಲೆಕ್ಕವೇ ಅಲ್ಲ. ಚಿತ್ರ ಹೆಚ್ಚು ಕಪ್ಪಾದರೆ ಕಂಪ್ಯೂಟರು ತಾನೇ ತಿದ್ದಿಬಿಡುವುದರಿಂದ ಯಾರಿಗೂ ಸುಳಿವು ಹತ್ತಲಿಲ್ಲ. ನಮ್ಮ ಕಡೆ ಬಿಳಿ ಹಲ್ಲಿನವರಾದರೂ ಎಷ್ಟು ಮಂದಿ, ಹೇಳಿ!

ಅವಳು ಬಾಗಿಲಿಗೆ ಹೋದಳು, ಕಿಟಕಿಗೆ ಬಂದಳು. ಒಬ್ಬೊಬ್ಬರಿಗೆ ತಗಲಿದ್ದು ಹೆದರುವಷ್ಟೇನಲ್ಲ ಎಂದು ಬಲ್ಲಳು. ಆದರೂ ಬೇಡದ್ದು ಬೇಡದ್ದೇ. ವರದಿಯಲ್ಲಿ 'ಕಾರಣ' ಎಂಬ ಜಾಗವಿದೆ. ಅಲ್ಲಿ ತನ್ನ ಹೆಸರು ಬರೆದರೆ ಅಳೆಯುವ ಕೆಲಸವೇ ಕೈತಪ್ಪೀತು.

ಆ ಚೀಟಿಯಿಂದ ಅವಳಿಗೇ ತೊಂದರೆ ಎಂಬಷ್ಟು ಚಂದ್ರಾಮ ಕಾಕಾಗೆ ತಿಳಿಯಿತು. "ನನ್ನ ಹೆಸರ ಬರೀ ಬೇ. ಹೆಂಗೂ ಮುಂದಿನ ತಿಂಗಳ ಕೆಲಸ ಬಿಡಾಕತ್ತೇನಿ."

ಹಾಯೆನಿಸಿತು. ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಪೆನ್ನು ಕಾಗದದ ಮೇಲೆ 'ಚಂ' ಎಂದು ಬರೆದೇಬಿಟ್ಟಿತ್ತು.

ಅವಳನ್ನು ಸಮಾಧಾನ ಮಾಡಲು ಕಾಕಾ ಹೇಳಿದರು: "ನೀ ಬರದದ್ದು ನಾ ಒಂದಿನಾನೂ ತಪ್ಪಿಸಿಲ್ಲವ್ವ. ಹೋದ ವರ್ಷ ನಿಮ್ಮ ಅಮ್ಮಿ ಖಾಸೀಂಬಿಗೆ ಇಲ್ಲಿಗೇ ಕಳಸಿದ್ದಿ ನೋಡು, ಅಕಿದೂ ತಂಬಾಕಿನ ಹಲ್ಲು. ನಮ್ಮ ಫರಹೀನಳ ತಾಯಿ, ಚೊಲೋ ಬರ್ಲಿ ಅಂತ ಎರಡು ಪಟ್ಟು ಒತ್ತಿ, ಮ್ಯಾಲ ಇನ್ನೊಂದು ಸಲ ಒತ್ತೇನಿ."

ಫರಹೀನ ಅಂದು ಮೊದಲ ಸಲ ಕುರ್ಚಿಯಲ್ಲಿ ಕೂತಳು. 'ಚಂ' ಹೊಡೆದುಹಾಕಿ ತನ್ನ ಹೆಸರನ್ನು ಪೂರ್ತಿ ಬರೆದಳು. ಚೀಟಿ ಕಿತ್ತು ವರದಿಗೆ ಪಿನ್ನು ಹಾಕಿದಳು. ಆಮೇಲೆ ಆಳಂದಕ್ಕೆ ಫೋನು ಹಚ್ಚಿದಳು. ಅತ್ತಲಿಂದ ಅಮ್ಮಿ, ಎಂದಿನಂತೆ, ಊಟ ಆಯಿತೇ ಎಂದು ಕೇಳಿದಳು.