ಮಬ್ಬಾದರೆ ಚೆಲ್ಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಬೀದರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನನ್ನು ಕಂಡರೆ ವಿದ್ಯಾರ್ಥಿಗಳು ಬಾಯಿಗೆ ಬಂದ ಪ್ರಶ್ನೆಯನ್ನೂ ನುಂಗಿಕೊಳ್ಳುತ್ತಿದ್ದರು. ಅದನ್ನು ನಾನು ಮರ್ಯಾದೆ ಎಂದೇ ತಿಳಿದಿದ್ದೆ.

ಔರಾದ ಕಡೆಯ, ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಎಂ.ಎಸ್ಸಿ. ಪ್ರಾಜೆಕ್ಟಿಗೆ ನನ್ನ ಬಳಿ ಇದ್ದಳು. ಯುವಿ ದೀಪದ ಕೆಳಗೆ ಹೊಳೆಯುವ ವಸ್ತುವೊಂದನ್ನು ತಯಾರಿಸುವುದು ಅವಳ ಕೆಲಸ. ಪುಡಿಯೇನೋ ಬಂತು, ದ್ರಾವಕದಲ್ಲಿ ಕರಗಿಸಿದರೆ ಹೊಳಪೇ ಇಲ್ಲ. ಅಣುಗಳು ಒತ್ತೊತ್ತಾದರೆ ಬೆಳಕು ಸಾಯುತ್ತದೆ ಎಂದು ಕಲಿತವನು ನಾನು. ಪುಡಿಯನ್ನೇ ದೀಪಕ್ಕೆ ಹಿಡಿಯುವ ಬುದ್ಧಿ ಬರಲಿಲ್ಲ. "ಇನ್ನೂ ತೆಳುಮಾಡು. ಮಬ್ಬಾದರೆ ಕೆಟ್ಟಿದೆ ಅಂತ ಅರ್ಥ, ಚೆಲ್ಲು" ಎಂದೆ. ಮೂರು ತಿಂಗಳು ಹೀಗೇ ಹೋಯಿತು.

ವರದಿ ಒಪ್ಪಿಸಲು ಒಂದೇ ವಾರ ಉಳಿಯಿತು. ಅವಳು ಪಾಸಾದ ಮೇಲೆಯೇ ತಂಗಿಗೆ ಕಾಲೇಜು ಎಂದು ಮನೆಯಲ್ಲಿ ಮಾತಾಗಿತ್ತು. "ಆಗಲಿಲ್ಲ ಅಂತ ಬರೆದುಬಿಡು" ಎಂದು ನಾನು ಹೇಳಿದಾಗ ಅವಳ ಕಣ್ಣು ತುಂಬಿತು.

"ಸರ್, ಬೈಬ್ಯಾಡ್ರಿ. ಒಂದು ತೋರಸ್ತೇನಿ."

ತಿಳಿಯಾದ ದ್ರಾವಣಕ್ಕೆ ನೀರು ಸುರಿದಳು. ಅದು ಮಜ್ಜಿಗೆಯಂತೆ ಮಬ್ಬಾಯಿತು. ದೀಪ ಹಾಕಿದರೆ ಸೀಸೆ ತುಂಬ ಹಸಿರು ಬೆಳಕು.

"ನೀರಿನಾಗ ಇದು ಕರಗಂಗಿಲ್ರಿ, ಗುಂಪು ಕೂಡ್ತದ. ಒಂಟಿ ಕುರಿ ಓಡ್ಯಾಡಿ ದಣೀತದರಿ. ಹಿಂಡಿನಾಗ ಒತ್ತಿ ನಿಂತರ ಓಡಲಿಕ್ಕ ಜಾಗಾನೇ ಇರಂಗಿಲ್ಲ. ಇದೂ ಹಂಗೇ ಇರಬೇಕ್ರಿ."

ಅವಳು ಹೇಳಿದ್ದು ಸರಿಯಾಗಿತ್ತು. ಬಿಡಿ ಅಣು ತಿರುಗಾಡುತ್ತ ಶಕ್ತಿ ಕಳೆಯುತ್ತದೆ. ಅಲುಗಾಡಲಾಗದಂತೆ ಕೂಡಿಕೊಂಡಾಗ ಆ ಶಕ್ತಿ ಬೆಳಕಾಗುತ್ತದೆ. ಹುಡುಕಿ ಓದಿದರೆ ಎಲ್ಲರಿಗೂ ಹಳೆಯ ಸಂಗತಿ, ಗೊತ್ತಿಲ್ಲದವನು ನಾನೊಬ್ಬನೇ. ಆ ವಾರ ಇಬ್ಬರೂ ಊಟ ನಿದ್ದೆ ನೋಡದೆ ಅಳತೆಗಳನ್ನು ಮುಗಿಸಿದೆವು. ಅವಳು ಪಾಸಾದಳು.

ಪೇಢೆ ಕೊಡಲು ಬಂದಾಗ ಕೇಳಿದೆ: "ಆ ಹೊಳಪನ್ನ ಮೊದಲು ನೋಡಿದ್ದು ಯಾವಾಗಮ್ಮ?"

"ಮೊದಲನೇ ತಿಂಗಳದಾಗರಿ. ತೊಳೆದ ಸೀಸೆ ಸ್ವಚ್ಛ ಆಗ್ಯದೋ ಇಲ್ಲೋ ಅಂತ ದೀಪಕ್ಕ ಹಿಡಿದಿದ್ದೆ. ಒಳಗ ಉಳಿದ ಮಬ್ಬು ನೀರು ಹೊಳೀತು. ಆಮ್ಯಾಲ ದಿನಾ ನೋಡ್ತಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

ಅವಳಿಗೆ ಸಂಕೋಚವಾಯಿತು. ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿದಳು.

"ಮಬ್ಬಾದರ ಚೆಲ್ಲು ಅಂದಿದ್ರಲ್ರಿ ಸರ್. ದಿನಾ ಚೆಲ್ಲಿದೆ."

ನನಗೆ ಅಳು ಬಂತು.