ಬಿಡುವನ್ನೂ ಕಳಿಸುವ ಪೆಟ್ಟಿಗೆ

ಹವ್ಯಾಸಿ ರೇಡಿಯೋದವರು ನಾವು ನಾಲ್ವರು ದಿನಾ ಬೆಳಿಗ್ಗೆ ಗಾಳಿಯಲ್ಲಿ ಸೇರುತ್ತೇವೆ. ಇಂಡಿಯಿಂದ ನಾನು, ಆಮೇಲೆ ಮುದ್ದೇಬಿಹಾಳ, ಮೂರನೆಯ ಪಾಳಿ ಸಿಂದಗಿ, ಕೊನೆಗೆ ಬಸವನ ಬಾಗೇವಾಡಿ. ಸಿಂದಗಿಯ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತೇವೆ. ಆಲಮಟ್ಟಿಯ ಕಾಲುವೆ ಕೆಲಸದಿಂದ ನಿವೃತ್ತರಾದವರು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅವರ ದನಿ ಹೋದ ಮೇಲೂ ನಾವು ಆ ಕ್ರಮ ಬದಲಿಸಲಿಲ್ಲ. ಅವರ ಪಾಳಿ ಬಂದಾಗ ಎಲ್ಲರೂ ಸುಮ್ಮನಿರುತ್ತಿದ್ದೆವು. ಸ್ವಲ್ಪ ಹೊತ್ತು ಬರೀ ಚರಚರ ಸದ್ದು. ಆಮೇಲೆ ಬಾಗೇವಾಡಿ ಮಾತಾಡುತ್ತಿತ್ತು.

ಆ ಪಾಳಿ ಮತ್ತೆ ತುಂಬಬೇಕೆಂದು ಚಾಚಾ ನನ್ನನ್ನು ಕರೆಸಿದರು. ರೇಡಿಯೋಗೂ ಕಂಪ್ಯೂಟರಿಗೂ ನಡುವೆ ಕೊಂಡಿಯಾಗಿ ಯಾವ ಪೆಟ್ಟಿಗೆ, ಯಾವ ಇಂಟರ್‌ಫೇಸ್ ಹಾಕಬೇಕು ಎಂಬುದು ಪ್ರಶ್ನೆ. ಮೋರ್ಸ್ ಸಂಕೇತ ಕಳಿಸಲು ಒಂದು ತಂತಿ ಸಾಕು ಎಂದೆ. ಅವರು ಪಾಟಿಯ ಮೇಲೆ ಬಳಪದಿಂದ ಬರೆದರು. ಅವರ ಹೆಂಡತಿ, ನಮ್ಮೆಲ್ಲರ ಚಾಚಿ, ಓದಿ ಹೇಳಿದರು.

"‘ಟಿಕ್ ಟಿಕ್ ಎಲ್ಲಾರದೂ ಒಂದ ಥರಾ ಇರತೈತಿ. ನನಗ ನನ್ನ ದನಿ ಬೇಕು’ ಅಂತಾರ ನೋಡ್ರಿ." ಆಮೇಲೆ ತಮ್ಮದನ್ನೂ ಸೇರಿಸಿದರು: "ಎಲ್ಲಿಂದ ತರ್ತೀರಿ? ನಮ್ಮ ಜಗಳಾನೂ ಈಗ ಪಾಟಿ ಮ್ಯಾಲ ನಡದೈತಿ."

ಚಾಚಾ ಕಂಪ್ಯೂಟರ್ ತೆರೆದು ಒಂದು ಗುಂಡಿ ಒತ್ತಿದರು. "ನಮಸ್ಕಾರ್ರಿ ಎಲ್ಲಾರಿಗೂ…" ಆಸ್ಪತ್ರೆಗೆ ಹೋಗುವ ಮೊದಲು ಅವರೇ ಮುದ್ರಿಸಿಕೊಂಡ ದನಿ. ನಾನು ಹಿಡಿದಿದ್ದ ತಂತಿಯನ್ನು ಮೇಜಿನ ಮೇಲಿಟ್ಟೆ.

ಆ ದಿನ ನನ್ನ ಚೀಲದಲ್ಲಿದ್ದದ್ದು ಸಾದಾ ತಂತಿ ಮಾತ್ರ. ಅದನ್ನು ಹಚ್ಚಿದರೆ, ಕಂಪ್ಯೂಟರಿನಿಂದ ದನಿ ಬಂದಾಗ ರೇಡಿಯೋ ತಾನೇ ಪ್ರಸಾರಕ್ಕೆ ತಿರುಗುತ್ತದೆ, ದನಿ ನಿಂತರೆ ನಿಲ್ಲುತ್ತದೆ. ಹಾಗೆ ಹಚ್ಚಿ ಕಳಿಸಿದೆವು. ಕೇಳಿಸಿಕೊಂಡ ಮುದ್ದೇಬಿಹಾಳದ ಗೆಳೆಯ ಫೋನ್ ಮಾಡಿದ.

"ಮೊದಲನೇ ಅಕ್ಷರ ನುಂಗತೈತಿ. ಹಿಂದ ಗುಂಯ್ ಅಂತೈತಿ. ನಡುನಡುವ ಕಟ್ ಆಗಾಕತ್ತೈತಿ. ಇವ್ರು ಚಾಚಾ ಅಲ್ಲಪಾ, ಯಾರೋ ಬಿಕ್ಕಳಿಕಿ ಹತ್ತಿದವ್ರು. ಕಡೀಕ ಠಣ್ ಅಂತ ಗಂಟಿ ಬ್ಯಾರೆ!"

ಗಂಟೆ ಕಂಪ್ಯೂಟರಿನದು. ಬ್ಯಾಟರಿ ಇಳಿದಿದೆ ಎಂಬ ಅದರ ಸೂಚನೆಯೂ ಗಾಳಿಗೆ ಹೋಗಿತ್ತು. ಚಾಚಿ ನಕ್ಕರು. ಚಾಚಾ ನಗಲಿಲ್ಲ. ಪಾಟಿಯ ಮೇಲೆ "ನಾ ಹಂಗ ಮಾತಾಡೂದಿಲ್ಲ" ಎಂದು ಬರೆದರು.

ನಿಜ. ಅವರು ಒಂದು ಮಾತು ಹೇಳಿ, ಬಹಳ ಹೊತ್ತು ಬಿಟ್ಟು, ಇನ್ನೊಂದು ಹೇಳುವವರು. ಪ್ರಸಾರ ತಡವಾಗಿ ನಿಲ್ಲಲೆಂದು ರೇಡಿಯೋದ ತಿರುಗಣಿಯನ್ನು ಕೊನೆಯವರೆಗೆ ತಿರುಗಿಸಿ ನೋಡಿದೆ. ಅವರ ಬಿಡುವು ಅದಕ್ಕಿಂತ ಉದ್ದವಿತ್ತು. ಮಾತು ಕಳಿಸುವುದಷ್ಟೇ ನಮ್ಮ ಕೆಲಸ ಎಂದುಕೊಂಡಿದ್ದೆ. ಮಾತಿಲ್ಲದ ಹೊತ್ತನ್ನೂ ಕಳಿಸಬೇಕು ಎಂಬುದು ಆಗ ಹೊಳೆಯಿತು.

ಊರಿಗೆ ಬಂದು ಬೇರೆ ಬೇರೆ ಪೆಟ್ಟಿಗೆಗಳ ವಿವರಗಳನ್ನು ಒಂದೊಂದಾಗಿ ಓದಿದೆ. ಕೊನೆಗೆ ಆರಿಸಿದ್ದು ಅಂಗೈಯಗಲದ ಒಂದನ್ನು. ದನಿಗೆ ಅದರದೇ ಸೌಂಡ್ ಕಾರ್ಡ್ ಇದ್ದುದರಿಂದ ಕಂಪ್ಯೂಟರಿನ ಗಂಟೆ ಅದರೊಳಗೆ ಬರುವುದಿಲ್ಲ. ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರುಗಳು ಎರಡೂ ಯಂತ್ರಗಳನ್ನು ಬೇರೆಯಾಗಿಟ್ಟು ಗುಂಯ್ ಸದ್ದನ್ನು ತಡೆಯುತ್ತವೆ. ಮುಖ್ಯವಾಗಿ, ಪ್ರಸಾರದ ಗುಂಡಿಯನ್ನು ಒತ್ತಿ ಹಿಡಿಯುವುದಕ್ಕೇ ಒಂದು ಬೇರೆ ತಂತಿ ಇದೆ. ಮುದ್ರಿತ ದನಿ ಮುಗಿಯುವವರೆಗೆ ಅದು ಬಿಡುವುದಿಲ್ಲ. ಸಿಂದಗಿಗೆ ಹೋಗಿ, ಅವರ ರೇಡಿಯೋದ ಹಿಂಬದಿಯ ಕಿಂಡಿಗೆ ಹೊಂದುವ ಪ್ಲಗ್ ಬೆಸೆದು, ಜೋಡಿಸಿ ಬಂದೆ.

ಮರುದಿನ ಬೆಳಿಗ್ಗೆ ಮುದ್ದೇಬಿಹಾಳ ಮಾತು ಮುಗಿಸಿತು. ಎಲ್ಲರೂ ರೂಢಿಯಂತೆ ಸುಮ್ಮನಾದೆವು. ಯಾರಾದರೂ ಪ್ರಸಾರ ಮಾಡುವಷ್ಟು ಹೊತ್ತು ಏಳುವ ನನ್ನ ರೇಡಿಯೋದ ಮುಳ್ಳು ಮೇಲೆದ್ದಿತು.

"ನಮಸ್ಕಾರ್ರಿ ಎಲ್ಲಾರಿಗೂ…"

ಬಿಡುವು. ಮುಳ್ಳು ಇಳಿಯಲಿಲ್ಲ. ಆ ಬಿಡುವಿನೊಳಗೆ, ಬಹಳ ದೂರದಿಂದ, ಅಂದೇ ಮುದ್ರಣದಲ್ಲಿ ಸೇರಿಕೊಂಡಿದ್ದ ಅಡುಗೆಮನೆಯ ಚಾಚಿಯ ದನಿ: "ಚಾ ಆರಾಕತ್ತೈತಿ, ಏಳ್ರಿ!"

"…ಸಿಂದಗಿಯಿಂದ ಹಾಜರದೇನಿ."

ಮುದ್ದೇಬಿಹಾಳದವ ಗುಂಡಿ ಒತ್ತಿದ: "ಸ್ವಚ್ಛ ಕೇಳಾಕತ್ತೈತಿ ಚಾಚಾ. ಮೊದಲ ಎದ್ದ ಹೋಗಿ ಚಾ ಕುಡದ ಬರ್ರಿ, ಚಾಚಿ ಬೈತಾರ."

ಸರಿ ಎಂಬ ಉತ್ತರವಾಗಿ ಚಾಚಾ ಮೈಕಿನ ಗುಂಡಿಯನ್ನು ಎರಡು ಸಲ ಒತ್ತಿದರು. ಟಕ್, ಟಕ್. ಆಮೇಲೆ ಬಾಗೇವಾಡಿಯ ಪಾಳಿ.